ಹಾರ್ನ್ ಬಟನ್ನಿನ ಪೆಟ್ಟಿಗೆ

ಜುಲೈ 7, ಸೋಮವಾರ

ಇವತ್ತೂ ಅದೇ ಗೋಳು. ಊಟದ ಬೆಲ್ ಹೊಡೆದಿದ್ದು ಒಂದೂವರೆಗೆ. ಫೋನು ಗಪ್‌ಚುಪ್. ಸ್ಟಾಫ್ ರೂಮಲ್ಲಿ ಡಬ್ಬಿ ಮುಚ್ಚಳ ತೆಗೀದೆ ಕೂತಿದ್ದೆ. ಒಂದೂಮುಕ್ಕಾಲಿಗೆ ಬಂತು ರಿಂಗು— ಒಂದೇ ಒಂದು. ಹೋದ ಜೀವ ಬಂತು. ಹಿಂದೇನೇ ಸಿಟ್ಟೂ ಬಂತು.

ಸಂಜೆ ಬೆಳಕವಾಡಿ ಸ್ಕೂಲಿಂದ ಬಸ್ಸಲ್ಲಿ ಮಳವಳ್ಳಿ ಮನೆಗೆ ಬಂದವಳೇ, ಚಪ್ಪಲಿ ಬಿಡೋಕೆ ಮುಂಚೆ ಇವ್ರನ್ನ ಕೇಳಿದೆ— ಯಾಕ್ರೀ ಲೇಟು?

"ಪೆಟ್ಟಿಗೆ ಸರಿ ಇಲ್ಲ ಕಣೆ ಕುಸುಮ. ಅದುಕ್ಕೂ ವಯಸ್ಸಾಯ್ತು."

ಚೇರಿಗೆ ಹಾಕಿರೋ ಬಟನ್ ನಾನೇ ಒಂದೊಂದೇ ಒತ್ತಿ ನೋಡಿದೆ. ಫ್ಯಾನು ತಿರುಗ್ತು. ಲೈಟು ಹತ್ತಿತು. ಬಾಗಿಲ ಬೋಲ್ಟು ಠಕ್ ಅಂತು. ಫೋನು ಬ್ಯಾಗೊಳಗೇ ಬಡ್ಕೊಳ್ತು. ಎಲ್ಲಾ ಸರಿ. ನನ್ನ ಮುಂದೆ ಮಾತ್ರ ಬಲು ಸಾಚಾ, ಈ ಪೆಟ್ಟಿಗೆ.

ಜುಲೈ 9

ಒಂಬತ್ತು ವರ್ಷ ಆಯ್ತು ಇದಕ್ಕೆ. ಇವ್ರ ಕಾಲು ಪೂರ್ತಿ ಸೋತು ವೀಲ್‌ಚೇರಿಗೆ ಬಂದ ವರ್ಷ ಮಾಡಿದ್ದು. ಆಗಿನ್ನೂ ಕೈ ಗಟ್ಟಿ ಇತ್ತು. ಮೋಟಾರ್ ರಿವೈಂಡಿಂಗ್ ಮಾಡಿದ ಕೈ, ಕೂದಲೆಳೆ ತಂತಿ ಸುತ್ತಿದ ಬೆರಳು. ಇವ್ರ ಪಕ್ಕದಂಗಡಿ ದಸ್ತಗೀರ್ ಗಾಡಿ ವೈರಿಂಗ್ ಮಾಡೋರು, ಟೆಂಪೋ ಹಾರ್ನಿನ ಆರು ಬಟನ್ ತಂದ್ರು. ಇವ್ರು ಬೋರ್‌ವೆಲ್ ಮೋಟಾರಿಗೆ ಹಾಕೋ ಮೊಬೈಲ್ ಸ್ಟಾರ್ಟರ್ ಬಿಚ್ಚಿ, ಬಟನ್ ಒತ್ತಿದ್ರೆ ನನ್ನ ಫೋನಿಗೆ ಮಿಸ್‌ಕಾಲ್ ಬರೋ ಹಂಗೆ ಮಾಡಿದ್ರು. ಬಟನ್ ಹಲಗೆ ಚೇರಿನ ಕೈ ಮೇಲೆ, ಪೆಟ್ಟಿಗೆ ಗೋಡೆ ಮೇಲೆ.

ಒಂದು ರಿಂಗು ಅಂದ್ರೆ— ಚೆನ್ನಾಗಿದ್ದೀನಿ. ಎರಡು— ಊಟ ಆಯ್ತಾ? ಮೂರು— ಬಾ.

ಮೂರು ಒಂದು ದಿನಾನೂ ಬಂದಿಲ್ಲ. ಎರಡಂತೂ ದಿನಾ ಬರ್ತಿತ್ತು. ಶಿವರಾತ್ರಿಯಿಂದೀಚೆ ಒಂದಕ್ಕೇ ನಿಂತಿದೆ. ಯಾಕ್ರೀ ಇಷ್ಟು ಜಿಪುಣತನ ಅಂದ್ರೆ, ಪೆಟ್ಟಿಗೆ ಮೇಲೆ ಹಾಕ್ತಾರೆ.

ಪೆಟ್ಟಿಗೆ ನಂಬೋ ಹಂಗಿಲ್ಲ ಅಂದ್ರೆ ಬೆಳಿಗ್ಗೆ ಎಂಟರಿಂದ ಸಂಜೆ ಐದರ ತನಕ ಒಬ್ಬರನ್ನೇ ಬಿಟ್ಟು ಹೋಗೋದು ಹೆಂಗೆ? ನಾನು ಕೆಲಸ ಬಿಡಬೇಕು. ಇಲ್ಲಾ ಇವ್ರು ದುದ್ದದಲ್ಲಿರೋ ಅಕ್ಕನ ಮನೆ ಸೇರಬೇಕು. ಮುದ್ದಮ್ಮ ಅತ್ತಿಗೆ ವಾರಕ್ಕೊಂದ್ಸಲ ಫೋನ್ ಮಾಡಿ ಅದನ್ನೇ ಹೇಳ್ತಾರೆ— "ನನ್ ತಮ್ಮನ್ನ ನಾ ನೋಡ್ಕತೀನಿ ಬುಡವ್ವ, ನೀನು ಪಾಠ ಮಾಡ್ಕೊಂಡಿರು." ಒಳ್ಳೇ ಮನಸಿಂದಲೇ ಹೇಳೋದು. ನನಗೆ ಮೈ ಉರೀತದೆ.

ಜುಲೈ 13, ಭಾನುವಾರ

ಮಂಡ್ಯದಿಂದ ಶಿವರಾಜು ಬಂದಿದ್ದ. ಹೊಸ ಸಿಸ್ಟಮ್ ಹಾಕೋನು. ಬಾಯಲ್ಲಿ ಹೇಳಿದ್ರೆ ಸಾಕು, ಫ್ಯಾನು ಲೈಟು ಬಾಗಿಲು ಎಲ್ಲಾ ಕೇಳ್ತವೆ. "ಬಟನ್ನೇ ಬೇಡ ಮೇಡಂ, ಇದೆಲ್ಲಾ ಓಲ್ಡ್ ಮಾಡೆಲ್ಲು" ಅಂತ ಹಲಗೆ ತಟ್ಟಿದ. ಇವ್ರು ಕೆಂಡ ಆಗ್ತಾರೆ ಅಂದ್ಕೊಂಡೆ. ಪೆಟ್ಟಿಗೆ ಧೂಳು ಒರೆಸೋಕೂ ನನ್ನ ಬಿಡದ ಮನುಷ್ಯ!

"ಹಾಕ್ಸಿಬುಡು. ಹಳೇದ್ ಕಿತ್ತಾಕು" ಅಂದ್ರು. ಅಷ್ಟೇ.

ಅಷ್ಟರಲ್ಲಿ ಕರೆಂಟ್ ಹೋಯ್ತು. ನೆಟ್ಟೂ ಹೋಯ್ತು. ತೋರಿಸೋಕೆ ತಂದಿದ್ದ ಹೊಸದು ಮೂಕ. ಶಿವರಾಜು ಯುಪಿಎಸ್ಸು ಬ್ಯಾಟರಿ ಅಂತ ಏನೇನೋ ಹೇಳ್ದ. ಹಳೇ ಪೆಟ್ಟಿಗೆ ಗಾಡಿ ಬ್ಯಾಟರಿ ಮೇಲೆ ಆರಾಮಾಗಿ ಕೂತಿತ್ತು. ಇವ್ರು ಅದನ್ನೂ ಎತ್ತಿ ಆಡಲಿಲ್ಲ. ಬೇರೆ ದಿನ ಆಗಿದ್ರೆ ಶಿವರಾಜನ್ನ ಅಳಿಸಿ ಕಳಿಸ್ತಿದ್ರು.

ಯೋಚಿಸಿ ಹೇಳ್ತೀನಿ ಅಂದೆ. ಯಾಕೋ ಮನಸು ಒಪ್ಪಲಿಲ್ಲ.

ಜುಲೈ 15

ಮುದ್ದೆ ಬೇಡವಂತೆ! ಹುಟ್ಟಿದಾಗಿಂದ ಮುದ್ದೆ ಉಂಡೋರು. "ಗಂಜಿ ಮಾಡು, ಸ್ಟ್ರಾ ಇಕ್ಕು. ಹೊಟ್ಟೆ ಸರಿ ಇಲ್ಲ." ಓಂಕಾಳು ಕುದಿಸಿ ಕೊಟ್ಟೆ.

ಜುಲೈ 23, ಬುಧವಾರ

ಇವತ್ತು ಅಕ್ಷರ ಕಾಗೆ ಕಾಲು.

ಎರಡು ಗಂಟೆ ಆದ್ರೂ ರಿಂಗಿಲ್ಲ. ಎರಡೂ ಹತ್ತು. ಇಲ್ಲ. ಪಕ್ಕದ ಮನೆ ಚಿಕ್ಕಬೋರಮ್ಮನಿಗೆ ಫೋನ್ ಮಾಡಿದೆ. ಮಧ್ಯಾಹ್ನದ ಗಂಜಿ ಕೊಟ್ಟು ಗದ್ದೆಗೆ ಹೋಗಿದ್ಳಂತೆ. ಹೆಡ್‌ಮಾಸ್ಟರಿಗೆ ಹೇಳಿ ಓಡಿದೆ. ಬಸ್ಸಿಲ್ಲ. ಟೊಮೇಟೊ ಕ್ರೇಟಿನ ಗೂಡ್ಸ್ ಆಟೋ ಸಿಕ್ತು, ಹತ್ತಿ ಕೂತೆ. ದಾರಿ ಪೂರ್ತಿ ದೇವರೇ ದೇವರೇ ಅಂತಿದ್ದೆ. ವಿಜ್ಞಾನದ ಟೀಚರು!

ಮನೆ ಮುಂದೆ ನೀರೋ ನೀರು. ಟ್ಯಾಂಕು ತುಂಬಿ ಮೆಟ್ಟಿಲ ಮೇಲೆ ಹರೀತಾ ಇದೆ, ಮೋಟಾರ್ ಓಡ್ತಾನೇ ಇದೆ. ಬೀಗ ತೆಗೆದೆ. ಇವ್ರು ಚೇರಲ್ಲಿ. ಫ್ಯಾನಿಲ್ಲ. ಬೆವರಲ್ಲಿ ಅಂಗಿ ಮೈಗಂಟಿದೆ. ಕೈ ಹಲಗೆ ಮೇಲೇ ಇದೆ.

"ಪೆಟ್ಟಿಗೆ ಕೆಟ್ಟೋಯ್ತು" ಅಂದ್ರು.

ನಾನು ಒತ್ತಿದೆ. ಮೋಟಾರ್ ನಿಲ್ತು. ಫ್ಯಾನು ತಿರುಗ್ತು. ನನಗೆಲ್ಲಿತ್ತೋ ಸಿಟ್ಟು— ಪೆಟ್ಟಿಗೆಗೆ ಪಟಾರನೆ ಬಾರಿಸಿದೆ. ಹಾಳಾದ್ದೇ, ನಾನಿದ್ರೆ ಮಾತ್ರ ಕುಣೀತೀಯಾ? ಇವ್ರು ಗೋಡೆ ನೋಡ್ತಾ ಕೂತಿದ್ರು.

ಶಿವರಾಜುಗೆ ಫೋನ್ ಮಾಡಿ ಭಾನುವಾರ ಬಾ ಅಂದೆ. ಮುಗೀತು ಇದರ ಕಥೆ.

ಜುಲೈ 26, ಶನಿವಾರ

ಬಸ್ ಸ್ಟ್ಯಾಂಡ್ ಹತ್ರ ದಸ್ತಗೀರ್ ಅಂಗಡಿಗೆ ಹೋಗಿದ್ದೆ. ನಾಳೆ ಬಂದು ಹಳೇದು ಬಿಚ್ಚಿಕೊಡಿ ಅನ್ನೋಕೆ. ಕಟ್ಟಿದೋರೇ ಬಿಚ್ಚಲಿ ಅಂತ.

ಅವ್ರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ರು.

"ಬ್ಯಾಡಿ ಮೇಡಮ್ಮೋರೆ. ಪೆಟ್ಗೇದೇನೂ ತಪ್ಪಿಲ್ಲ."

ನನಗೆ ಅರ್ಥ ಆಗಲಿಲ್ಲ. ಡ್ರಾಯರಿಂದ ಬೀಡಾ ಡಬ್ಬಿ ತೆಗೆದು ಮೇಜಿನ ಮೇಲೆ ಸುರಿದ್ರು. ಸ್ಪ್ರಿಂಗು. ದಪ್ಪದ್ದು ಆರು, ಅದಕ್ಕಿಂತ ಸಣ್ಣದ್ದು ಆರು, ಇನ್ನೂ ಸಣ್ಣದ್ದು ಆರು.

"ಇವು ಟೆಂಪೋವು, ಮೊದಲ್ನೇವು. ಸಿವರಾತ್ರೀಲಿ ನಿಮ್ ಯಜಮಾನ ಫೋನ್ ಮಾಡ್ದ, ಬಟನ್ನು ಬಿಗಿ ಆಯ್ತದೆ, ಮೆತ್ಗೆ ಮಾಡ್ಲಾ ಅಂತ. ಮಾಡ್ದೆ. ಬೇಸ್ಗೇಲಿ ಮತ್ತೊಂದ್ ದಪ ಮಾಡ್ದೆ. ಬಕ್ರೀದ್ ಆದ್ಮೇಲೆ ಮತ್ತೆ. ನೀವು ಸ್ಕೂಲ್ಗೆ ವೋದ್ಮೇಲೆ ಬತ್ತಿದ್ದೆ. ಯೋಳ್ಬ್ಯಾಡ ಅಂತ ಆಣೆ ಆಕ್ಸಿದ್ದ. ಈಗ ಒಳಗಿರೋದು ಪೆನ್ನಿನ ಸ್ಪ್ರಿಂಗು. ಮೊನ್ನೆ ಇನ್ನೂ ಮೆತ್ಗೆ ಬೇಕು ಅಂದ."

ಕಣ್ಣೊರೆಸ್ಕೊಂಡ್ರು.

"ಇನ್ನೂ ಮೆತ್ಗೆ ಸ್ಪ್ರಿಂಗು ನನ್ ತಾವಿಲ್ಲ ಮೇಡಮ್ಮೋರೆ."

ಅಲ್ಲೇ ಸ್ಟೂಲ್ ಮೇಲೆ ಕೂತುಬಿಟ್ಟೆ. ಮಂಡ್ಯ ಡಾಕ್ಟ್ರು ಮೊದಲ ದಿನವೇ ಹೇಳಿದ್ರು— ಮೊದಲು ಕಾಲು, ಆಮೇಲೆ ಕೈ, ನಿಧಾನಕ್ಕೆ. ಒಂಬತ್ತು ವರ್ಷ ಕೈ ತಡೆದಿತ್ತಲ್ಲ, ಮರೆತೇಬಿಟ್ಟಿದ್ದೆ. ಮುದ್ದೆ ಮುರಿಯೋಕೆ ಆಗ್ತಿರಲಿಲ್ಲ. ಎರಡನೇ ರಿಂಗಿಗೆ ಬೆರಳು ಏಳ್ತಿರಲಿಲ್ಲ. ನಾನು ದಿನಾ ಸಂಜೆ ನನ್ನ ಹೆಬ್ಬೆರಳಲ್ಲಿ ಒತ್ತಿ ಪರೀಕ್ಷೆ ಮಾಡ್ತಿದ್ದೆ. ನನ್ನ ಹೆಬ್ಬೆರಳಲ್ಲಿ! ಎಂಥಾ ದಡ್ಡಿ ನಾನು.

ಅದೇ ದಿನ, ಸಂಜೆ

ಸ್ಪ್ರಿಂಗು ತಂದು ಇವ್ರ ತೊಡೆ ಮೇಲೆ ಸುರಿದೆ. ಒಂದೊಂದೇ ನೋಡಿದ್ರು.

"ಪೆಟ್ಟಿಗೆ ಕೆಟ್ಟೋಗದೆ ಅಂದ್ರೆ ಪೆಟ್ಟಿಗೆ ಬದಲಾಯ್ಸ್ತೀಯ. ಕೈ ಕೆಟ್ಟೋಗದೆ ಅಂದ್ರೆ ನೀನು ಕೆಲ್ಸ ಬುಡ್ತೀಯ. ನಂಗೊತ್ತಿಲ್ವಾ ನಿನ್ ಬುದ್ಧಿ?"

ಅದಕ್ಕೆ ಐದು ತಿಂಗಳು ಸುಳ್ಳು ಹೇಳ್ತೀರಾ? ಬೆವರಲ್ಲಿ ಬೇಯ್ತಾ ಕೂರ್ತೀರಾ? ಏನಾದ್ರೂ ಆಗಿದ್ರೆ? ಬಾಯಿಗೆ ಬಂದಂಗೆ ಬೈದೆ. ಬೈತಾ ಬೈತಾ ಅತ್ತೆ. ಇವ್ರೂ ಅತ್ರು. ಕಣ್ಣೊರೆಸ್ಕೊಳ್ಳೋಕೆ ಕೈ ಎತ್ತಿದ್ರು— ಎದೆ ತನಕ ಬಂದು ನಿಲ್ತು. ನಾನೇ ಒರೆಸಿದೆ.

ಜುಲೈ 27, ಭಾನುವಾರ

ಶಿವರಾಜೂ ಬಂದ, ದಸ್ತಗೀರೂ ಬಂದ್ರು. ಮಾತಾಡಿ ಮಾತಾಡಿ ತೀರ್ಮಾನ: ಫ್ಯಾನು, ಲೈಟು, ಮೋಟಾರು, ಬಾಗಿಲು ಹೊಸದಕ್ಕೆ, ಬಾಯಿ ಮಾತಿಗೆ. ನನ್ನ ಫೋನಿನ ರಿಂಗು ಮಾತ್ರ ಹಳೇ ಪೆಟ್ಟಿಗೇಲೇ ಇರಲಿ. ಕರೆಂಟಿರಲಿ ಬಿಡಲಿ, ನೆಟ್ಟಿರಲಿ ಬಿಡಲಿ, ಅದು ಬರಬೇಕು.

ಒತ್ತೋದು ಹೆಂಗೆ ಮತ್ತೆ? ದಸ್ತಗೀರ್ ಕೇಳಿದ್ರು, "ಕತ್ತು ತಿರುಗ್ತದೇನ್ಲಾ?" "ತಿರುಗ್ತದೆ ಕಣ್ಲಾ, ಇನ್ನೂ ಸತ್ತಿಲ್ಲ ನಾನು." ಹಳೇ ಇವ್ರು ಒಂದು ಗಳಿಗೆ ವಾಪಸ್ ಬಂದಂಗಿತ್ತು. ಚೇರಿನ ತಲೆದಿಂಬಿನ ಪಕ್ಕ, ಕೆನ್ನೆ ತಾಗೋ ಕಡೆ ಒಂದು ಬಟನ್. ಅದಕ್ಕೆ ಟೆಂಪೋದ ಮೊದಲ್ನೇ ಸ್ಪ್ರಿಂಗೇ. ಮೆತ್ತಗಿದ್ರೆ ತೂಕಡಿಸಿದ್ರೂ ಒತ್ತಿಕೊಳ್ತದಂತೆ.

ಅತ್ತಿಗೆಗೆ ಫೋನಲ್ಲಿ ಎಲ್ಲಾ ಹೇಳ್ದೆ. ಕರ್ಕೊಂಡೋಗೋಕೆ ಈಗ್ಲೇ ಕಾರು ಮಾಡ್ಕೊ ಬತ್ತೀನಿ ಅಂದ್ರು. ಇವ್ರು ಸ್ಪೀಕರ್ ಹಾಕು ಅಂದ್ರು.

"ಒಂದ್ ವಾರ ತಡಿ ಅಕ್ಕ. ಮೂರು ರಿಂಗು ಒಂದೇ ಒಂದ್ಸಲ ಕೊಟ್ರೂ ನಾನೇ ದುದ್ದಕ್ಕೆ ಬತ್ತೀನಿ. ಇವ್ಳು ಕೆಲ್ಸ ಬುಡಕೂಡ್ದು."

ನನ್ನ ಒಂದು ಮಾತು ಕೇಳಲಿಲ್ಲ. ನನಗೆ ಇವ್ರು ಈ ಮನೇಲೇ ಬೇಕು. ಕೆಲಸಾನೂ ಬೇಕು. ಎರಡೂ ಬೇಕು ಅನ್ನೋದು ದುರಾಸೆಯಾ? ಆದ್ರೆ ಆಗಲಿ.

ಆಗಸ್ಟ್ 4, ಸೋಮವಾರ

ಒಂದು ವಾರ ರಜೆ ಹಾಕಿ ಅಭ್ಯಾಸ ಮಾಡಿಸಿದೆ. ಇವತ್ತು ಮೊದಲನೇ ದಿನ. ಸ್ಟಾಫ್ ರೂಮಲ್ಲೇ ಬರೀತಿದೀನಿ. ಮನೆಗೆ ಹೋಗಿ ಬರೆಯೋ ತನಕ ತಾಳ್ಮೆ ಇಲ್ಲ.

ಬೆಳಿಗ್ಗೆ ಹೊರಡುವಾಗ ಕೆನ್ನೆ ಕೆಂಪಗಿತ್ತು, ಒತ್ತಿ ಒತ್ತಿ. "ಹೋಗು, ಬಸ್ಸು ಓಯ್ತದೆ" ಅಂದ್ರು.

1.30. ಬೆಲ್ ಆಯ್ತು. ಫೋನು ಎದುರಿಗೇ ಇಟ್ಟಿದೀನಿ. ಡಬ್ಬಿ ತೆಗೆದಿಲ್ಲ.

1.36. ಇಲ್ಲ.

1.41. ಇಲ್ಲ. ಟವರ್ ಇದೆ, ಚಾರ್ಜ್ ಇದೆ. ಎಲ್ಲಾ ಇದೆ.

1.43. ಬಂತು! ಒಂದು. ಅಬ್ಬಾ, ನಮ್ಮಪ್ಪ. ಅದೇ ಹಳೇ ನಂಬರು.

ಮತ್ತೆ ಹೊಡ್ಕೊಳ್ತಿದೆ. ಎರಡು.

ಶಿವರಾತ್ರಿ ಆದ್ಮೇಲೆ ಮೊದಲನೇ ಸಲ. ಆಯ್ತು ಕಣ್ರೀ, ಆಯ್ತು ಊಟ— ಸುಳ್ಳು, ಈಗ ಮಾಡ್ತೀನಿ. ಸಾಕು. ಇನ್ನು ತಲೆ ಆ ಕಡೆ ತಿರುಗಿಸಿ. ಒತ್ತಬೇಡಿ. ಮೂರಾದ್ರೆ ದುದ್ದ. ರೀ, ಒತ್ತಬೇ—