ಬೂದಿಕೋಟೆಯ ನೇರಳೆ ಮರ

ಜೂನ್ ೧೮, ಬುಧವಾರ

ಸಂಜೆಯಿಂದ ಅಂಬಿಕಳ ಮುಖವೇ ಕಣ್ಣ ಮುಂದಿದೆ. ನನ್ನ ಎಂ.ಎಸ್ಸಿ. ವಿದ್ಯಾರ್ಥಿನಿ. ಆರು ಊರುಗಳ ನೇರಳೆ ಹಣ್ಣು ತಂದು, ಯಾವುದರಲ್ಲಿ ಆಂಥೋಸಯನಿನ್ ಹೆಚ್ಚಿದೆ ಎಂದು ತಿಂಗಳಿಂದ ಅಳೆಯುತ್ತಿದ್ದಳು. ಹಣ್ಣಿಗೆ ಕಡುಬಣ್ಣ ಕೊಡುವುದೂ ಮೈಗೆ ಒಳ್ಳೆಯದೂ ಅದೇ. ಮೊದಲು ಬಂದ ಮರದಿಂದ ನರ್ಸರಿಯವರು ಕಸಿ ಗಿಡ ಮಾಡುತ್ತಾರೆ. ಬೂದಿಕೋಟೆಯ ಮರ ಮೊದಲು ಬಂದಿತ್ತು. ಅದನ್ನು ನೆಟ್ಟವರು ಅವಳ ತಾತ ವೆಂಕಟೇಶಪ್ಪ. ಊರಿಗೆಲ್ಲ ಹೇಳಿಕೊಂಡು ಬಂದಿದ್ದರಂತೆ.

ಇವತ್ತು ನರ್ಸರಿಗೆ ಪಟ್ಟಿ ಕಳಿಸುವ ಹೊತ್ತಿಗೆ ಅವಳು ನನ್ನ ಮೇಜಿನ ಪಕ್ಕ ಬಂದು ನಿಂತಳು.

"ಮೇಡಂ, ನಮ್ಮ ಮರದ್ದು ತಪ್ಪಾಗೈತೆ. ಎಲ್ಲಾ ರಸಾನೂ ಹತ್ತು ಪಟ್ಟು ತೆಳು ಮಾಡಿದ್ದೆ, ನಮ್ದು ಮಾತ್ರ ಐದೇ ಪಟ್ಟು. ಆದ್ರೂ ಹತ್ತರಿಂದ್ಲೇ ಗುಣಿಸ್ಬಿಟ್ಟಿದ್ದೀನಿ."

"ಅಂದರೆ?"

"ನಿಜವಾದ ಲೆಕ್ಕ ಈಗ ಬಂದಿರೋದ್ರಲ್ಲಿ ಅರ್ಧ. ನಮ್ದು ನಾಲ್ಕನೇದು. ಕಾಮಸಮುದ್ರದ ಮುನಿಶಾಮಮ್ಮೋರ ಮರ ಮೊದಲ್ನೇದು."

ಫ್ರಿಜ್‌ನಲ್ಲಿ ಉಳಿದಿದ್ದ ಹಣ್ಣನ್ನು ಅರೆದು, ಸೋಸಿ, ಮೂರು ಸಲ ಅಳೆದೆವು. ಅವಳು ಹೇಳಿದ್ದೇ ಸರಿ. ನನ್ನೆದುರೇ ತಾತನಿಗೆ ಫೋನ್ ಮಾಡಿದಳು.

"ತಾತಾ, ನಮ್ಮ ಮರ ಮೊದಲು ಬಂದಿಲ್ಲ. ನಂದೇ ತಪ್ಪು."

ಅತ್ತ ಕಡೆಯಿಂದ ತಾತ, "ಓಗ್ಲಿ ಬಿಡಮ್ಮ. ಉಂಡ್ಯಾ?" ಎಂದರು. ಆಗ ಮಾತ್ರ ಅವಳು ಅತ್ತಳು.

ಅವಳು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಂಥ ಹುಡುಗಿ. ಆ ತಪ್ಪು ಲೆಕ್ಕದ ಹಾಳೆಯ ಕೆಳಗೆ ನನ್ನ ಸಹಿಯೂ ಇದೆ, ಓದದೆ ಹಾಕಿದ್ದು. ಅದನ್ನು ನಾನು ಅವಳೆದುರು ಒಪ್ಪಿಕೊಳ್ಳಲಿಲ್ಲ. ನಾಳೆ ಬೆಳಿಗ್ಗೆ ಹೇಳಬೇಕು. ಹೇಗೆ ಶುರು ಮಾಡಲಿ ಎಂದು ಇನ್ನೂ ಯೋಚಿಸುತ್ತಿದ್ದೇನೆ.