ಎಕ್ಕದ ಗಿಡ ಕಿತ್ತು ಕಟ್ಟಿದ ಚಿಟ್ಟೆ ಉದ್ಯಾನ

ಮಾನ್ಯ ಉದ್ಯಾನ ಅಧಿಕಾರಿಗಳೇ,

ಚಿಟ್ಟೆಗಳಿಗೆ ಉದ್ಯಾನ ಮಾಡಲೆಂದು ಉಗರಗೋಳದಲ್ಲಿ ನೀವು ಚಿಟ್ಟೆಗಳನ್ನೇ ಕೊಂದಿದ್ದೀರಿ. ನನ್ನ ಎರಡು ಅರ್ಜಿಗಳಿಗೆ ಉತ್ತರ ಬರಲಿಲ್ಲ. ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಬಟ್ಟೆ ಹೊಲಿಯುವವಳು. ನನ್ನ ತಾಯಿ ಕಾಶಿಂಬಿಗೆ ಪಾರ್ಶ್ವವಾಯು ಬಡಿದು ನಾಲ್ಕು ವರ್ಷವಾಯಿತು. ನಡೆಯಬೇಕೆಂದು ವೈದ್ಯರು ಎಷ್ಟು ಹೇಳಿದರೂ ಏಳದವಳು, ಹಿತ್ತಲಾಚೆಯ ಸರ್ಕಾರಿ ಜಾಗದ ಎಕ್ಕದ ಗಿಡಗಳಿಗಾಗಿ ಎದ್ದಳು. ಎಲೆಯಡಿಯಲ್ಲಿ ಗುಂಡುಸೂಜಿ ತಲೆಯಷ್ಟು ಮೊಟ್ಟೆ, ಆಮೇಲೆ ಕಪ್ಪು-ಹಳದಿ ಪಟ್ಟೆಯ ಹುಳು, ಹಸಿರು ಮಣಿಯಂತೆ ತೂಗುವ ಕೋಶ. ಒಂದು ಬೆಳಗ್ಗೆ ಅದು ಬಿರಿದು, ಮುದುಡಿದ ರೆಕ್ಕೆ ಒಣಗಿಸಿಕೊಳ್ಳುತ್ತ ಕೂತ ಕೇಸರಿ ಚಿಟ್ಟೆ. ಇಷ್ಟನ್ನು ನೋಡಲು ಅವಳು ದಿನವೂ ಗೋಡೆ ಹಿಡಿದು ನಡೆದಳು.

ಆಗಸ್ಟ್‌ನಲ್ಲಿ ನೀವು ಬಂದಿರಿ. ಅವಳು ತೋರಿಸಿದ ಕೋಶಗಳ ಫೋಟೊ ತೆಗೆದಿರಿ.

"ಇವನ್ನ ಕಡೀತೀರೇನ್ರಿ ಸಾಹೇಬ್ರ?" ಎಂದು ಕೇಳಿದಳು.

"ಒಂದು ಎಲಿ ಸೈತ ಮುಟ್ಟಂಗಿಲ್ರಿ ಅಮ್ಮಾರ. ಇವನ್ನ ಕಾಯಾಕಂತನ ಗಾರ್ಡನ್ ಮಾಡಾಕ ಹತ್ತೇವಿ" ಎಂದಿರಿ.

ನವೆಂಬರ್‌ನಲ್ಲಿ ಜೆಸಿಬಿ ಬಂತು. ನಾನು ನೂಲು ತರಲು ಸವದತ್ತಿಗೆ ಹೋಗಿದ್ದೆ. ದಾರಿಗಾಗಿ ನಮ್ಮ ಹಿತ್ತಲ ಬೇಲಿ ಬಿಚ್ಚಬಹುದೇ ಎಂದು ಕೆಲಸಗಾರರು ಕೇಳಿದಾಗ, "ಬಿಚ್ರಿ, ಸಾಹೇಬ್ರು ಕಳಿಸ್ಯಾರಲ್ಲ" ಎಂದು ತಾಯಿಯೇ ಹೇಳಿದಳಂತೆ. ನಾನು ಮರಳಿದಾಗ ನೆಲ ಬೋಳಾಗಿತ್ತು. ಅವಳು ಮಣ್ಣಿನಲ್ಲಿ ಕುಳಿತು, ಜಜ್ಜಿದ ಎಲೆಗಳಿಂದ ಕೋಶಗಳನ್ನು ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. "ನಾನ ದಾರಿ ಬಿಟ್ಟೆ ಬೇಟಿ, ನಾನ ಬಿಟ್ಟೆ" ಎಂದಳು. ಸಿಕ್ಕ ಹನ್ನೊಂದರಲ್ಲಿ ಬಿರಿದದ್ದು ಎರಡು.

ಈಗ ಅಲ್ಲಿ ಹುಲ್ಲುಹಾಸು ಇದೆ, ಆಳೆತ್ತರದ ಸಿಮೆಂಟಿನ ಚಿಟ್ಟೆ ಇದೆ. ಹುಳು ಬೀಳದಿರಲೆಂದು ವಾರಕ್ಕೊಮ್ಮೆ ಔಷಧಿ ಹೊಡೆಯುತ್ತಾರೆ. ಹುಳುವೇ ಇಲ್ಲದೆ ಚಿಟ್ಟೆ ಎಲ್ಲಿಂದ ಬರಬೇಕು, ಮಾನ್ಯರೇ? ನಿಮ್ಮ ಸಿಮೆಂಟು ಮೊಟ್ಟೆಯಿಡುತ್ತದೆಯೇ? ನಿಮ್ಮ ಕಚೇರಿಯಿಂದ ಕಡತದ ಪ್ರತಿ ಪಡೆದೆ. ‘ಕಳೆ ತೆರವುಗೊಳಿಸುವುದು’ ಎಂಬ ಆದೇಶದ ಕೆಳಗೆ ನಿಮ್ಮದೇ ಸಹಿಯಿದೆ. ತಾರೀಖು, ನೀವು ನಮ್ಮ ಮನೆಗೆ ಬರುವ ಒಂದು ವಾರ ಮೊದಲಿನದು. ಹಾಗಾದರೆ ಅಂದು ಆ ಮುದುಕಿಗೆ ಮಾತು ಕೊಡುವ ಅಗತ್ಯವಾದರೂ ಏನಿತ್ತು?

ಔಷಧಿ ಸಿಂಪಡಣೆ ನಿಲ್ಲಿಸಿ. ಕಾಂಪೌಂಡಿನ ಬದಿಯಲ್ಲಾದರೂ ಎಕ್ಕ ಬೆಳೆಯಲು ಬಿಡಿ. ಮತ್ತು ನೀವೇ ನಮ್ಮ ಮನೆಗೆ ಬನ್ನಿ. "ಸಾಹೇಬ್ರಿಗೆ ಗೊತ್ತಿರಾಕಿಲ್ಲ, ತಪ್ಪು ನಂದ" ಎಂದು ತಾಯಿ ಇಂದಿಗೂ ಹೇಳುತ್ತಾಳೆ. ಹಾಸಿಗೆ ಬಿಟ್ಟು ಏಳುತ್ತಿಲ್ಲ. ಆ ಸಹಿಯನ್ನು ಅವಳಿಗೆ ತೋರಿಸಲು ನನಗೆ ಧೈರ್ಯವಾಗಿಲ್ಲ. ಅದನ್ನು ನೀವು ತೋರಿಸಬೇಕು.

ಇಂತಿ,
ನಿಮ್ಮನ್ನು ಇನ್ನೂ ನಂಬಿರುವವಳ ಮಗಳು,
ಹಿನಾಕೌಸರ, ಉಗರಗೋಳ