ಸಾಯಲಿಯ ಕೈಮೇಲಿನ ಬಾವು

ವಹಿನಿ,

ಸಾಯಲಿ ಇನ್ನೂ ಮಲಗಿದ್ದಾಳೆ, ಮಗುವನ್ನು ಎಬ್ಬಿಸಬೇಡಿ. ಕ್ಷಯದ ಪರೀಕ್ಷೆಗೆ ಚುಚ್ಚಿದ ಜಾಗ ಊದಿದೆ. ಹತ್ತಕ್ಕೆ ನರ್ಸ್‌ಬಾಯಿ ಅಳೆಯಲು ಬರುತ್ತಾರೆ, ಅರಿಸಿನ ಹಚ್ಚಬೇಡಿ. ಅವರು ಬರುವಷ್ಟರಲ್ಲಿ ಇಳಿಯಲಿ ಅಂತ ನಿನ್ನೆ ನಾನೇ ಸುಣ್ಣ ಹಚ್ಚಿದ್ದೆ. ತೊಳೆದಿದ್ದೇನೆ. ಬಾವು ಇಳಿದಿಲ್ಲ.

ಮೊನ್ನೆ ನರ್ಸ್‌ಬಾಯಿ, "ಮನೇಲಿ ಯಾರಿಗಾದ್ರೂ ಕೆಮ್ಮಿದೆಯಾ?" ಅಂದಾಗ ನೀವು ಪಕ್ಕದ ಖೋಲಿಯ ಮೋಹಿತೆ ಅಜ್ಜನ ಹೆಸರು ಹೇಳಿದಿರಿ. ನಾನು ಹೂಂಗುಟ್ಟಿದೆ.

ಹಿಟ್ಟಿನ ಡಬ್ಬದ ಹಿಂದಿರುವ ಕ್ಷಯದ ಗುಳಿಗೆಗಳು ನನ್ನವು. ಎರಡು ತಿಂಗಳು ನುಂಗಿ ಬಿಟ್ಟುಬಿಟ್ಟೆ. ಈಗ ಆಸ್ಪತ್ರೆಗೆ ಹೊರಟಿದ್ದೇನೆ. ಇವತ್ತು ನನ್ನ ಹೆಸರು ಹೇಳಿ. ಅಣ್ಣ ಕೂಗಾಡಿದರೆ ಕೂಗಾಡಲಿ. ಸಾಯಲಿಯ ಹಾಸಿಗೆಯನ್ನು ನನ್ನ ಪಕ್ಕದಿಂದ ತೆಗೆಯಿರಿ.

ಅಜ್ಜನನ್ನು ಕರೆದು ಚಹಾ ಕೊಡಿ. ಮೊನ್ನೆಯಿಂದ ನಮ್ಮ ಬಾಗಿಲು ದಾಟುವಾಗ ಅವರು ಬಾಯಿಗೆ ಟವೆಲ್ ಒತ್ತಿಕೊಂಡು ಹೋಗುತ್ತಿದ್ದಾರೆ.

ದಿನಕರ